ಸೀಟಿನ ಬೋಲ್ಟ್ ಸುಮ್ನೆ ತಿರುಗುತ್ತಿದೆ, ಬಿಗಿಯಾಗುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ

"ಸರ್, ನನ್ನ ಕಾರು ಹಳೆಯದು, ಆದರೆ ಎಂಜಿನ್ ಇನ್ನೂ ಗಟ್ಟಿಯಾಗಿದೆ. ಕೆಲವು ತಿಂಗಳಿಂದ ಬ್ರೇಕ್ ಒತ್ತಿದಾಗಲೆಲ್ಲ ಡ್ರೈವರ್ ಸೀಟಿನ ಕೆಳಗೆ 'ಟಕ್' ಅಂತ ಸದ್ದು ಬರುತ್ತಿತ್ತು. ಕ್ಲಚ್ ತುಳಿದರೆ ಸೀಟು ಒಂಚೂರು ಹಿಂದಕ್ಕೆ ವಾಲುತ್ತಿತ್ತು. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ನೋಡಿದೆ. ಹಿಂದುಗಡೆ, ಕಾರಿನ ಮಧ್ಯಕ್ಕೆ ಇರುವ ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಬಾಗಿಲ ಕಡೆಯದನ್ನು ಬಿಚ್ಚಲು ಹೋದಾಗ ತಲೆ ಮುರಿದು ಸ್ಪ್ಯಾನರ್ ಜೊತೆಗೇ ಬಂತು. ಮಳೆ ಬಂದಾಗ ಆ ಕಡೆ ಕಾರ್ಪೆಟ್ ಒದ್ದೆಯಾಗುವುದೂ ಇದೆ. ಒಬ್ಬ ಮೆಕ್ಯಾನಿಕ್, 'ಮುಂದಿನ ಎರಡು ಬೋಲ್ಟ್ ಇವೆ, ನಿಮ್ಮ ತೂಕವೂ ಮೇಲಿದೆ, ಸೀಟು ಎಲ್ಲೂ ಹೋಗಲ್ಲ' ಅಂದರು. ಇನ್ನೊಬ್ಬರು ಸೀಟು ಹಿಂದೆ ಮುಂದೆ ಸರಿಯುವ ರೈಲನ್ನೇ ನೆಲಕ್ಕೆ ವೆಲ್ಡ್ ಮಾಡಿಬಿಡೋಣ ಅಂತಾರೆ. ಮತ್ತೊಬ್ಬರು ತೂತು ಕೊರೆದು ದಪ್ಪ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಕೆಳಗಿನಿಂದ ದೊಡ್ಡ ವಾಷರ್ ಮತ್ತು ನಟ್ ಕೊಟ್ಟರೆ ಮೊದಲಿಗಿಂತ ಗಟ್ಟಿ ಅಂತಾರೆ. ಯಾರ ಮಾತು ಸರಿ? ಅಲ್ಲಿಯವರೆಗೆ ಕಾರು ಓಡಿಸಬಹುದಾ?"

ಉತ್ತರ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಕಾಯುವಂಥದ್ದಲ್ಲ. ಈ ಕಾರನ್ನು ಓಡಿಸಬೇಡಿ. ಗ್ಯಾರೇಜಿನವರೆಗೂ ಬೇಡ, ಟೋ ಮಾಡಿಸಿ. ಒಂದು ಬೋಲ್ಟ್ ಬರೀ ಸಡಿಲವಾಗಿದ್ದಿದ್ದರೆ ಅಲ್ಲೇ ಬಿಗಿ ಮಾಡಿ ಮುಂದೆ ಹೋಗಬಹುದಿತ್ತು. ನಿಮ್ಮ ಕಾರಿನಲ್ಲಿ ಹಿಂದಿನ ಎರಡೂ ಹೋಗಿವೆ. ಹೋಗಬಾರದ ಎರಡು ಇದ್ದರೆ ಅವೇ.

ಯಾಕೆ ಅಂತ ಹೇಳುತ್ತೇನೆ. ಈಗಿನ ಬಹುತೇಕ ಕಾರುಗಳಲ್ಲಿ ಸೀಟ್ ಬೆಲ್ಟ್ ಸಿಕ್ಕಿಸುವ ಬಕಲ್ ನೆಲಕ್ಕಲ್ಲ, ಸೀಟಿನ ಒಳಬದಿಗೇ ಕೂತಿರುತ್ತದೆ. ಸೀಟು ಹಿಂದೆ ಮುಂದೆ ಸರಿದರೂ ಬಕಲ್ ಕೈಗೆ ಸಿಗಲಿ ಅಂತ ಹಾಗೆ ಮಾಡಿರುತ್ತಾರೆ. ಕಾರು ಮುಂದೆ ಏನಕ್ಕಾದರೂ ಗುದ್ದಿದಾಗ ಮೈ ಮುಂದಕ್ಕೆ ಹೋಗುತ್ತದೆ, ಬೆಲ್ಟ್ ಅದನ್ನು ತಡೆಯುತ್ತದೆ, ಬೆಲ್ಟಿನ ಎಳೆತ ಬಕಲ್ ಮೂಲಕ ಸೀಟಿಗೆ ಬರುತ್ತದೆ. ಆಗ ಸೀಟು ಮುಂದಕ್ಕೆ ಮಗುಚಲು ನೋಡುತ್ತದೆ. ಮುಂದಿನ ಬೋಲ್ಟ್‌ಗಳ ಮೇಲೆ ಒತ್ತಡ ಬೀಳುತ್ತದೆ, ಹಿಂದಿನವು ಮೇಲಕ್ಕೆ ಕಿತ್ತು ಬರುವ ಹಾಗೆ ಎಳೆಯಲ್ಪಡುತ್ತವೆ. ಅದರಲ್ಲೂ ಬಕಲ್ ಇರುವ ಬದಿಯ ಹಿಂದಿನ ಬೋಲ್ಟಿಗೆ ಪಾಲು ಜಾಸ್ತಿ. ನಿಮ್ಮಲ್ಲಿ ಸುಮ್ನೆ ತಿರುಗುತ್ತಿರುವುದು ಅದೇ. ಹಿಂದಿನಿಂದ ಬೇರೆ ಗಾಡಿ ಬಂದು ಗುದ್ದಿದರೆ ಲೆಕ್ಕ ಉಲ್ಟಾ. ನಿಮ್ಮ ಬೆನ್ನು ಸೀಟನ್ನು ಹಿಂದಕ್ಕೆ ನೂಕುತ್ತದೆ, ಮುಂದಿನ ಬೋಲ್ಟ್‌ಗಳು ಕಿತ್ತು ಬರಲು ನೋಡುತ್ತವೆ. ಹಾಗಾಗಿ ನಾಲ್ಕರಲ್ಲಿ ಯಾವುದೂ ಇಲ್ಲದಿದ್ದರೂ ನಡೆಯುತ್ತದೆ ಅನ್ನುವಂತಿಲ್ಲ.

"ನಿಮ್ಮ ತೂಕ ಮೇಲಿದೆ, ಸೀಟು ಹೋಗಲ್ಲ" ಅನ್ನುವ ಮಾತು ನಿಂತ ಕಾರಿಗೆ ಸರಿ. 70 ಕಿಲೋ ತೂಕದವರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದು, ಗುದ್ದಿದಾಗ 70 ಸೆಂಟಿಮೀಟರ್ ಅಂತರದಲ್ಲಿ ನಿಲ್ಲುತ್ತಾರೆ ಅಂತ ಇಟ್ಟುಕೊಳ್ಳಿ. ಬೆಲ್ಟಿನ ಮೇಲೆ ಬೀಳುವ ಸರಾಸರಿ ಬಲವೇ ಅವರ ತೂಕದ ಸುಮಾರು 14 ಪಟ್ಟು, ಅಂದರೆ ಒಂದು ಟನ್ ಹತ್ತಿರ. ನಡುವೆ ಒಂದು ಕ್ಷಣ ಅದಕ್ಕಿಂತ ಜಾಸ್ತಿಯೂ ಆಗುತ್ತದೆ. ಬೆಲ್ಟ್ ಹಿಡಿಯುವ ಜಾಗಗಳಿಗೆ ವಿಶ್ವಸಂಸ್ಥೆಯ 14ನೇ ವಾಹನ ನಿಯಮದಲ್ಲಿ ಪ್ರಯಾಣಿಕ ಕಾರುಗಳಿಗೆ ಇರುವ ಪರೀಕ್ಷೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಭುಜದ ಪಟ್ಟಿಗೆ 13,500 ನ್ಯೂಟನ್, ಸೊಂಟದ ಪಟ್ಟಿಗೆ ಅಷ್ಟೇ, ಎರಡನ್ನೂ ಒಟ್ಟಿಗೆ ಎಳೆಯುತ್ತಾರೆ. ಬೆಲ್ಟ್ ಸೀಟಿಗೇ ಕಟ್ಟಿದ್ದರೆ ಸೀಟಿನ ತೂಕದ 20 ಪಟ್ಟು ಬಲವನ್ನೂ ಸೇರಿಸುತ್ತಾರೆ. ಸೀಟು 20 ಕಿಲೋ ಇದ್ದರೆ ಎಲ್ಲ ಸೇರಿ ಮೂರು ಟನ್ ದಾಟುತ್ತದೆ. ಈ ಎಳೆತದಲ್ಲಿ ಒಂದಷ್ಟು ಬಾಗಿಲ ಪಕ್ಕದ ಕಂಬಕ್ಕೆ ಹೋಗುತ್ತದೆ ನಿಜ. ಉಳಿದದ್ದನ್ನು ಹೊರಬೇಕಾದ್ದು ಈ ನಾಲ್ಕು ಬೋಲ್ಟ್, ಅವುಗಳ ಹಿಂದಿನ ನಟ್, ಆ ನಟ್ ಅಂಟಿಕೊಂಡಿರುವ ತಗಡು.

ಆ ತಗಡನ್ನು ಮರೆಯಬೇಡಿ. ರಿಪೇರಿ ಸರಿಯೋ ತಪ್ಪೋ ಅನ್ನುವುದು ಬೋಲ್ಟ್ ಎಷ್ಟು ದಪ್ಪ ಅನ್ನುವುದರ ಮೇಲೆ ಇಲ್ಲ. ಬೋಲ್ಟಿಗೆ ಬಂದ ಎಳೆತ ತಗಡಿನ ಎಷ್ಟು ಅಗಲಕ್ಕೆ ಹಂಚಿಹೋಗುತ್ತದೆ ಅನ್ನುವುದರ ಮೇಲಿದೆ. ನಿಮಗೆ ಸಲಹೆ ಕೊಟ್ಟ ಮೂವರೂ ಬೋಲ್ಟನ್ನು ಮಾತ್ರ ನೋಡಿದ್ದಾರೆ.

ಈಗ ನಿಮ್ಮ ಕಾರಿನಲ್ಲಿ ಆಗಿರುವುದು ಏನು ಅಂತ ನೋಡೋಣ. ನೆಲದ ತಗಡು ತೆಳು, ಅದರಲ್ಲಿ ಥ್ರೆಡ್, ಅಂದರೆ ಬೋಲ್ಟ್ ಹಿಡಿಯುವ ಸುರುಳಿ ಗೆರೆ, ಹಾಕಲು ಆಗುವುದಿಲ್ಲ. ಹಾಗಾಗಿ ಸೀಟಿನ ಕೆಳಗೆ ಅಡ್ಡಕ್ಕೆ ಹೋಗುವ ಡಬ್ಬಿಯಾಕಾರದ ತೊಲೆಯ ಒಳಮೈಗೆ ನಟ್ ಬೆಸುಗೆ ಹಾಕಿರುತ್ತಾರೆ. ಬೋಲ್ಟ್ ಸುಮ್ನೆ ತಿರುಗುವುದಕ್ಕೆ ಎರಡು ಕಾರಣ. ಒಂದು, ಥ್ರೆಡ್ ಸವೆದು ಹೋಗಿರುತ್ತದೆ. ಇನ್ನೊಂದು, ನಟ್ಟಿನ ಬೆಸುಗೆ ಬಿಟ್ಟು, ಬೋಲ್ಟಿನ ಜೊತೆ ನಟ್ಟೂ ತಿರುಗುತ್ತಿರುತ್ತದೆ. ಎರಡರ ರಿಪೇರಿಯೂ ಬೇರೆ ಬೇರೆ, ಆದ್ದರಿಂದ ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ಇದನ್ನು ಪತ್ತೆ ಮಾಡಲೇಬೇಕು. ಬೋಲ್ಟಿನ ತಲೆಯ ಕೆಳಗೆ ಚಪ್ಪಟೆ ಸಲಾಕೆ ಕೊಟ್ಟು ಮೆಲ್ಲಗೆ ಮೇಲಕ್ಕೆ ಎತ್ತುತ್ತಾ ತಿರುಗಿಸಿ. ಎದ್ದು ಬಂದರೆ ಥ್ರೆಡ್ ಹೋಗಿದೆ. ಬಂದ ಬೋಲ್ಟನ್ನು ಬೆಳಕಿಗೆ ಹಿಡಿದರೆ ಅದರ ಸುರುಳಿಗಳ ನಡುವೆ ಕೂದಲೆಳೆಯಂಥ ಕಬ್ಬಿಣದ ತಂತಿ ಸುತ್ತಿಕೊಂಡಿರುವುದು ಕಾಣುತ್ತದೆ. ಅದು ನಟ್ಟಿನಿಂದ ಸುಲಿದು ಬಂದ ಥ್ರೆಡ್. ಎಷ್ಟು ಎತ್ತಿದರೂ ಬಾರದೆ ತಿರುಗುತ್ತಲೇ ಇದ್ದರೆ ಬೆಸುಗೆ ಬಿಟ್ಟಿದೆ. ನೀವು ಬರೆದಿರುವುದು ಈ ಎರಡನೆಯದಕ್ಕೆ ಹೊಂದುತ್ತದೆ.

ಬೆಸುಗೆ ಸುಮ್ನೆ ಬಿಡುವುದಿಲ್ಲ. ನಿಮ್ಮ ಪತ್ರದಲ್ಲೇ ಕಾರಣ ಇದೆ: ಒದ್ದೆ ಕಾರ್ಪೆಟ್. ಕಾರ್ಪೆಟ್ ಕೆಳಗಿನ ದಪ್ಪ ಫೋಮ್ ನೀರು ಹೀರಿಕೊಂಡು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಕೈಯಿಟ್ಟರೆ ಒಣಗಿದೆ ಅನಿಸುತ್ತದೆ, ಕೆಳಗೆ ತಗಡು ನೀರಲ್ಲೇ ಕೂತಿರುತ್ತದೆ. ಬೋಲ್ಟ್ ಮತ್ತು ನಟ್ಟಿನ ಸಂದಿಗೆ ಇಳಿದ ನೀರು ಥ್ರೆಡ್‌ನಲ್ಲಿ ತುಕ್ಕು ಹಿಡಿಸುತ್ತದೆ. ಅಂಥ ಬೋಲ್ಟನ್ನು ಬಲ ಹಾಕಿ ತಿರುಗಿಸಿದರೆ, ಇಡೀ ಜೋಡಣೆಯಲ್ಲಿ ದುರ್ಬಲವಾದದ್ದು ಯಾವುದೋ ಅದು ಸೋಲುತ್ತದೆ. ಒಂದು ಕಡೆ ನಿಮ್ಮ ಬೆಸುಗೆ ಸೋತಿತು, ಇನ್ನೊಂದು ಕಡೆ ಬೋಲ್ಟಿನ ಕತ್ತು ಸೋತಿತು. ಎರಡಕ್ಕೂ ಮೂಲ ಒಂದೇ. ನೀರು ಬಾಗಿಲ ರಬ್ಬರಿನಿಂದ ಬರುತ್ತಿದೆಯೋ, ಮುಂಗಾಜಿನ ಕೆಳಗಿನ ತೂಬು ಕಟ್ಟಿಕೊಂಡು ಬರುತ್ತಿದೆಯೋ, ಸನ್‌ರೂಫ್ ಇದ್ದರೆ ಅದರ ಪೈಪಿನಿಂದಲೋ, ಎಸಿ ನೀರು ಹೊರಗೆ ಹೋಗದೆ ಒಳಗೆ ಬೀಳುತ್ತಿದೆಯೋ, ಹುಡುಕಿ ಮುಚ್ಚದಿದ್ದರೆ ಹೊಸ ನಟ್ಟಿಗೂ ಇದೇ ಗತಿ.

ನೀರಿಲ್ಲದೆಯೂ ಈ ತೊಂದರೆ ಬರುವುದುಂಟು. ಸೀಟು ಬಿಚ್ಚಿ ಹಾಕುವಾಗ ಬೋಲ್ಟನ್ನು ಕೈಯಲ್ಲಿ ಹಿಡಿಸದೆ ನೇರ ಏರ್ ಗನ್ (ಗಾಳಿಯ ಬಲದಿಂದ ಬೋಲ್ಟ್ ತಿರುಗಿಸುವ ಯಂತ್ರ) ಕೊಡುತ್ತಾರೆ. ಓರೆಯಾಗಿ ಹೊಕ್ಕ ಬೋಲ್ಟ್ ತನ್ನ ದಾರಿ ತಾನೇ ಕೊರೆದುಕೊಂಡು ಹೋಗುತ್ತದೆ. ಇಲ್ಲವೇ ನೋಡಲು ಒಂದೇ ಥರ ಇರುವ ಬೇರೆ ಬೋಲ್ಟ್ ಸಿಕ್ಕಿರುತ್ತದೆ. 10 ಮಿಲಿಮೀಟರ್ ಬೋಲ್ಟಿನಲ್ಲೇ 1.25 ಮತ್ತು 1.5 ಅಂತ ಎರಡು ಅಂತರದ ಥ್ರೆಡ್‌ಗಳು ಎಲ್ಲ ಕಡೆ ಸಿಗುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾದ ಹಾಗೆ ಅನಿಸುತ್ತದೆ. ಆ ಬಿಗಿ ಥ್ರೆಡ್ ಹಾಳಾಗುತ್ತಿರುವುದರ ಬಿಗಿ.

ಸೀಟು ಹೊರಗೆ ತೆಗೆಯದೆ ಇವುಗಳಲ್ಲಿ ಯಾವುದನ್ನೂ ಸರಿ ಮಾಡಲಾಗುವುದಿಲ್ಲ. ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಅಥವಾ ಬೆಲ್ಟ್ ಬಿಗಿ ಮಾಡುವ ಸಿಡಿಮದ್ದಿನದು. ಕೀ ತೆಗೆದು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನಿಮ್ಮ ಕಾರಿನ ಸರ್ವೀಸ್ ಪುಸ್ತಕ ಹೇಳಿದಷ್ಟು ನಿಮಿಷ ಕಾದ ಮೇಲೆಯೇ ಅದನ್ನು ಬಿಡಿಸಬೇಕು, ಯಾಕಂದ್ರೆ ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಆ ತಂತಿಗಳಿಗೆ ಮಲ್ಟಿಮೀಟರ್ ಹಚ್ಚಿ ನೋಡುವುದು ಬೇಡವೇ ಬೇಡ. ಸೀಟು ಹೊರಗಿರುವಾಗ ಕೀ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂತುಬಿಡುತ್ತದೆ, ಅದನ್ನು ಅಳಿಸಲು ಸ್ಕ್ಯಾನರ್ ಬೇಕಾಗುತ್ತದೆ.

ಸೀಟು ಹೋದ ಮೇಲೆ ಕಾರ್ಪೆಟ್ ಎತ್ತಿ, ನಟ್ ಇರುವ ಜಾಗದ ಸುತ್ತ ಒಂದು ಗೇಣು ತಂತಿ ಬ್ರಷ್ ಹಾಕಿ ಉಜ್ಜಿಸಿ. ಎಲ್ಲಕ್ಕಿಂತ ಮುಖ್ಯವಾದ ಹೊತ್ತು ಇದೇ. ಬಣ್ಣ ಹೋಗಿ ಕಬ್ಬಿಣ ಹೊಳೆಯುವವರೆಗೂ ಉಜ್ಜಬೇಕು. ತೂತಿನ ಅಂಚಿನಿಂದ ಹೊರಟ ತೆಳ್ಳನೆಯ ಬಿರುಕು ಆಗ ಕಾಣುತ್ತದೆ, ಧೂಳು ಬಣ್ಣದ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನೀವು ಕೇಳುತ್ತಿದ್ದ 'ಟಕ್' ಸದ್ದು ತಿಂಗಳುಗಟ್ಟಲೆ ಇತ್ತು ಅಂದರೆ ತಗಡು ಅಷ್ಟು ದಿನವೂ ಬಾಗಿ ಬಾಗಿ ಆಡಿದೆ, ಹಾಗಾಗಿ ಬಿರುಕು ಇರುವ ಸಾಧ್ಯತೆ ಇದೆ. ಸ್ಕ್ರೂಡ್ರೈವರ್ ತುದಿಯಿಂದ ಅಲ್ಲಲ್ಲಿ ಚುಚ್ಚಿ. ಒಳ್ಳೆಯ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಹಪ್ಪಳದ ಹಾಗೆ ಒಡೆಯುತ್ತದೆ.

ತಗಡು ಗಟ್ಟಿ ಇದೆ ಅಂತಾದರೆ ನಿಮ್ಮ ಒಳಬದಿಯ ಬೋಲ್ಟಿಗೆ ನಾನು ಹೇಳುವ ದಾರಿ ಒಂದೇ. ತಿರುಗುವ ಬೋಲ್ಟಿನ ತಲೆ ಕತ್ತರಿಸಿ ತೆಗೆದು, ಅಡ್ಡ ತೊಲೆಯಲ್ಲಿ ನಟ್ ಕೈಗೆ ಸಿಗುವಷ್ಟು ಒಂದು ಕಿಟಕಿ ಕತ್ತರಿಸಿ, ಹಳೆ ನಟ್ ತೆಗೆದು, ಅದೇ ಅಳತೆಯ ಅದೇ ದರ್ಜೆಯ ವೆಲ್ಡ್ ನಟ್ ಕೂರಿಸಿ, ಕಿಟಕಿ ಮುಚ್ಚಿ ಬೆಸುಗೆ ಹಾಕಿ, ತುಕ್ಕು ತಡೆಯುವ ಬಣ್ಣ ಮತ್ತು ಒಳಗೆ ಮೇಣದ ಲೇಪ ಕೊಡುವುದು. ಕೆಲವು ಕಾರುಗಳಲ್ಲಿ ಕೆಳಗಿನಿಂದಲೇ ನಟ್ ಕಾಣುತ್ತದೆ, ಆಗ ಕಿಟಕಿಯ ಗೊಡವೆ ಇಲ್ಲ. ಇದು ಟಿಂಕರಿಂಗ್ ಗೊತ್ತಿರುವವರ ಕೆಲಸ, ಸಾಮಾನ್ಯ ಮೆಕ್ಯಾನಿಕ್ ಕೆಲಸ ಅಲ್ಲ. ಇದರ ಅಪಾಯಗಳೂ ಇವೆ. ನೆಲದ ಆಚೆಬದಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಹೋಗಿರಬಹುದು, ಕೆಳಗೆ ಹೋಗಿ ನೋಡದೆ ಕಿಡಿ ಹಾರಿಸುವಂತಿಲ್ಲ. ಫೋಮ್ ಬೆಂಕಿ ಹಿಡಿಯುತ್ತದೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡ ಒಬ್ಬರು ನಿಂತಿರಬೇಕು. ಎಲೆಕ್ಟ್ರಿಕ್ ಕಾರಿನಲ್ಲಿ ನೆಲದ ಕೆಳಗೇ ಬ್ಯಾಟರಿ ಇರುವುದರಿಂದ ಕಂಪನಿ ತರಬೇತಿ ಪಡೆದವರ ಹೊರತು ಬೇರೆಯವರು ಅಲ್ಲಿ ವೆಲ್ಡಿಂಗ್ ಮಾಡಲೇಬಾರದು. ಹೊಸ ಕಾರುಗಳ ಅಡ್ಡ ತೊಲೆಗಳಲ್ಲಿ ಕೆಲವನ್ನು ಕಾಯಿಸಿ ಅಚ್ಚಿನಲ್ಲಿ ತಣಿಸಿದ ಬೋರಾನ್ ಉಕ್ಕಿನಿಂದ ಮಾಡಿರುತ್ತಾರೆ. ಅದನ್ನು ಮತ್ತೆ ಕಾಯಿಸಿದರೆ ಆ ಜಾಗದಲ್ಲಿ ಬಲ ಇಳಿದುಹೋಗುತ್ತದೆ. ಹಾಗಾಗಿ ಎಲ್ಲಿ ಬೆಸುಗೆ ಹಾಕಬಹುದು, ಎಲ್ಲಿ ಹಾಕಬಾರದು ಅನ್ನುವ ನಕ್ಷೆಯನ್ನು ತಯಾರಕರ ಬಾಡಿ ರಿಪೇರಿ ಪುಸ್ತಕದಲ್ಲಿ ನೋಡಿಯೇ ಮುಂದುವರಿಯಬೇಕು.

ತಲೆ ಮುರಿದ ಬೋಲ್ಟಿಗೆ ಅಷ್ಟು ಕಷ್ಟ ಇಲ್ಲ, ತಾಳ್ಮೆ ಬೇಕು ಅಷ್ಟೇ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ತುಂಡು ಮೇಲೆ ಚಾಚಿಕೊಂಡಿದ್ದರೆ ಅದರ ಮೇಲೊಂದು ನಟ್ ಇಟ್ಟು ಬೆಸುಗೆ ಹಾಕಿ, ಸ್ಪ್ಯಾನರಿನಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ ತೆಗೆಯುವುದು ಒಳ್ಳೆಯ ಉಪಾಯ. ಬೆಸುಗೆಯ ಬಿಸಿಯೇ ತುಕ್ಕಿನ ಹಿಡಿತ ಬಿಡಿಸುತ್ತದೆ. ಒಳಗೆ ಸೇರಿಹೋಗಿದ್ದರೆ ಸರಿಯಾಗಿ ನಡುವಿಗೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಬೇಕು. ಎಷ್ಟೋ ಸಲ ಕೊರೆಯುವಾಗಲೇ ತುಂಡು ಬಿಚ್ಚಿಕೊಂಡು ಬರುತ್ತದೆ. ಮುರಿದ ತುಂಡಿಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಎಕ್ಸ್‌ಟ್ರಾಕ್ಟರ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಒಳಗೆ ಮುರಿದರೆ ಬೋಲ್ಟಿಗಿಂತ ಎಷ್ಟೋ ಗಡಸು, ಸಾಮಾನ್ಯ ಡ್ರಿಲ್ ಅದರ ಮೇಲೆ ಜಾರುತ್ತದೆ. ಇಲ್ಲೂ ಜಾಸ್ತಿ ಬಲ ಹಾಕಿದರೆ ಈ ನಟ್ಟಿನ ಬೆಸುಗೆಯೂ ಬಿಡಬಹುದು, ನೆನಪಿರಲಿ.

ತುಂಡು ಬಂದ ಮೇಲೆ ನಟ್ ಗಟ್ಟಿಯಾಗಿದ್ದು ಥ್ರೆಡ್ ಮಾತ್ರ ಹೋಗಿದ್ದರೆ ಥ್ರೆಡ್ ಇನ್ಸರ್ಟ್ (ಸವೆದ ಥ್ರೆಡ್ ಜಾಗದಲ್ಲಿ ಹೊಸ ಥ್ರೆಡ್ ಆಗುವ ತಂತಿಯ ಸುರುಳಿ) ಹಾಕಬಹುದು. ಇನ್ಸರ್ಟ್ ಅಂದರೆ ತಾತ್ಕಾಲಿಕ ಅಂತ ಒಂದು ನಂಬಿಕೆ ಇದೆ, ಅದು ಸರಿಯಲ್ಲ. ಅಲ್ಯೂಮಿನಿಯಂ ಎಂಜಿನ್ ಭಾಗಗಳಲ್ಲಿ ಹೊಸದರಲ್ಲೇ ಹಾಕಿರುತ್ತಾರೆ. ಇಲ್ಲಿ ನೋಡಬೇಕಾದ್ದು ಜಾಗ. 10 ಮಿಲಿಮೀಟರ್ ಬೋಲ್ಟಿನ ತಂತಿ ಇನ್ಸರ್ಟಿಗೆ ತೂತು ಸುಮಾರು 12 ಮಿಲಿಮೀಟರ್ ಹೊರ ಅಳತೆಗೆ ಬೆಳೆಯುತ್ತದೆ. ನಟ್ಟಿನ ಗೋಡೆ ಅದಾದ ಮೇಲೂ ದಪ್ಪ ಉಳಿಯಬೇಕು, ಇನ್ಸರ್ಟ್ ಪೂರ್ತಿ ಕೂರುವಷ್ಟು ನಟ್ ಎತ್ತರ ಇರಬೇಕು. ಇಲ್ಲದಿದ್ದರೆ ನಟ್ಟನ್ನೇ ಬದಲಿಸಿ.

ಈಗ ನಿಮಗೆ ಸಿಕ್ಕ ಸಲಹೆಗಳಿಗೆ ಬರೋಣ. ರೈಲನ್ನು ನೆಲಕ್ಕೆ ವೆಲ್ಡ್ ಮಾಡುವುದು ಖಂಡಿತ ಬೇಡ. ಸೀಟ್ ರೈಲನ್ನು ಗಟ್ಟಿ ಉಕ್ಕಿನ ತೆಳು ತಗಡಿನಿಂದ ಮಾಡಿರುತ್ತಾರೆ, ಒಳಗೆ ಗುಂಡುಗಳು, ಹಿಡಿದು ನಿಲ್ಲಿಸುವ ಹಲ್ಲುಗಳು ಇರುತ್ತವೆ. ಬಿಸಿಗೆ ಅದು ಸೊಟ್ಟಗಾಗುತ್ತದೆ, ಬೆಸುಗೆಯ ಅಂಚಿನಲ್ಲಿ ಉಕ್ಕು ಬಲ ಕಳೆದುಕೊಳ್ಳುತ್ತದೆ. ಮುಂದೆ ಯಾವತ್ತಾದರೂ ಸೀಟು ತೆಗೆಯಬೇಕಾದರೆ ಕತ್ತರಿಸಲೇಬೇಕು. ರೈಲು ಅಥವಾ ಅದರ ಕಾಲು ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಅದೇ ಮಾದರಿಯ ರೈಲನ್ನೇ ಬದಲಿಸಬೇಕು.

ದಪ್ಪ ಬೋಲ್ಟ್, ವಾಷರ್, ನಟ್ ಸಲಹೆಯಲ್ಲಿ ಅರ್ಧ ಸತ್ಯ ಇದೆ. ತಗಡಿನ ಆಚೆವರೆಗೂ ಹಾದುಹೋಗುವ ಬೋಲ್ಟ್ ಹಾಕುವುದು ತಪ್ಪಲ್ಲ, ರೇಸ್ ಕಾರುಗಳಲ್ಲೂ ಸೀಟು ಹಾಗೇ ಕೂರಿಸುತ್ತಾರೆ. ಆದರೆ ಅವರು ಹಾಕುವುದು ವಾಷರ್ ಅಲ್ಲ. ಅಂತರರಾಷ್ಟ್ರೀಯ ಮೋಟಾರ್ ಸ್ಪರ್ಧೆಗಳ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಸೀಟಿಗೆ ಕನಿಷ್ಠ ನಾಲ್ಕು ಕಡೆ, ಕನಿಷ್ಠ 8 ಮಿಲಿಮೀಟರ್ ಬೋಲ್ಟ್ ಇರಬೇಕು. ಪ್ರತಿ ಬೋಲ್ಟಿನ ಹಿಂದೆ ಕನಿಷ್ಠ 3 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಇದ್ದು, ಅದು ತಗಡಿಗೆ ಕನಿಷ್ಠ 40 ಚದರ ಸೆಂಟಿಮೀಟರ್ ತಾಗಬೇಕು. ದೊಡ್ಡದು ಅಂತ ನಾವು ಕರೆಯುವ 40 ಮಿಲಿಮೀಟರ್ ಅಗಲದ ವಾಷರ್ ಅದರ ಮೂರರಲ್ಲಿ ಒಂದು ಭಾಗವೂ ಆಗುವುದಿಲ್ಲ. ಜೋರಾಗಿ ಎಳೆದರೆ ತೆಳು ವಾಷರ್ ಬಟ್ಟಲಿನಂತೆ ಮಡಚಿಕೊಂಡು ತೂತಿನ ಮೂಲಕ ಮೇಲೆ ಬಂದುಬಿಡುತ್ತದೆ. ಇನ್ನೊಂದು ತೊಂದರೆ, ಅಡ್ಡ ತೊಲೆ ಒಳಗೆ ಟೊಳ್ಳು. ಅದರ ಮೇಲಿನಿಂದ ಕೆಳಗೆ ಬೋಲ್ಟ್ ಹಾಕಿ ಬಿಗಿ ಮಾಡಿದರೆ ತೊಲೆ ಅಪ್ಪಚ್ಚಿಯಾಗುತ್ತಾ ಹೋಗುತ್ತದೆ, ಬಿಗಿ ನಿಲ್ಲುವುದೇ ಇಲ್ಲ. ಒಳಗೆ ಉಕ್ಕಿನ ಕೊಳವೆ ನಿಲ್ಲಿಸಿ ಬೆಸುಗೆ ಹಾಕಿದರೆ ಮಾತ್ರ ಈ ದಾರಿ ಸರಿ. ವೆಲ್ಡ್ ನಟ್ ಕೂರಿಸಲು ಆಗದೇ ಇರುವ ಕಡೆ ಕೊಳವೆ ಮತ್ತು ಪಟ್ಟಿ ಎರಡೂ ಇದ್ದರೆ ನಾನು ಒಪ್ಪುತ್ತೇನೆ. ಬೋಲ್ಟನ್ನು 12 ಮಿಲಿಮೀಟರಿಗೆ ಏರಿಸಿದರೆ ರೈಲಿನ ಕಾಲಿನ ತೂತನ್ನೂ ದೊಡ್ಡದು ಮಾಡಬೇಕಾಗುತ್ತದೆ, ಅಲ್ಲಿ ಅಂಚು ತೆಳುವಾಗುತ್ತದೆ. ಅದು ಬೇಡ. ತೂತಿನೊಳಗೆ ಹಿಸುಕಿ ಕೂರಿಸುವ ರಿವೆಟ್ ನಟ್, ತಾನೇ ಥ್ರೆಡ್ ಕೊರೆದುಕೊಳ್ಳುವ ಸ್ಕ್ರೂ ಇವೆಲ್ಲ ಪ್ಲಾಸ್ಟಿಕ್ ಮುಚ್ಚಳಗಳಿಗೆ ಸರಿ, ಸೀಟಿಗಲ್ಲ.

ಸ್ಟೇನ್‌ಲೆಸ್ ವಿಷಯ ಬಿಡಿಸಿ ಹೇಳಬೇಕು, ಇದನ್ನು ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಬೋಲ್ಟಿನ ತಲೆ ಮೇಲೆ 8.8 ಅಥವಾ 10.9 ಅಂತ ಅಚ್ಚು ಇರುತ್ತದೆ. 8.8 ದರ್ಜೆಯ ಬೋಲ್ಟ್ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 640 ನ್ಯೂಟನ್ ಎಳೆತದವರೆಗೆ, 10.9 ಸುಮಾರು 900ರವರೆಗೆ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟ್ 450ಕ್ಕೇ ಹಿಗ್ಗಲು ಶುರು. ಹೊಳಪು ಜಾಸ್ತಿ, ಬಲ ಕಡಿಮೆ. ಹಳೆಯ ಬೋಲ್ಟಿನ ತಲೆ ಮೇಲೆ ಏನಿತ್ತೋ ಅದೇ ದರ್ಜೆ, ಅದೇ ಉದ್ದ, ಅದೇ ಥ್ರೆಡ್ ತನ್ನಿ. ಸಾಧ್ಯವಾದರೆ ಕಾರು ಕಂಪನಿಯದನ್ನೇ ತರಿಸಿ.

ತಗಡಿನಲ್ಲಿ ಬಿರುಕು ಇದ್ದರೆ ಅಥವಾ ತುಕ್ಕು ತಿಂದಿದ್ದರೆ ಇಷ್ಟು ಹೊತ್ತು ಹೇಳಿದ ಯಾವುದೂ ಸಾಲದು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಸೇರಿಸಿ, ಅದರ ಮೇಲೆ ನಟ್ ಕೂರಿಸಬೇಕು. ತುಕ್ಕಿನ ಮೇಲೆ ತೇಪೆ ಬೆಸುಗೆ ಹಿಡಿಯುವುದಿಲ್ಲ. ಕೊಳೆತದ್ದು ಅಡ್ಡ ತೊಲೆಯ ಉದ್ದಕ್ಕೂ ಹಬ್ಬಿದ್ದರೆ ಆ ಕಾರಿನಲ್ಲಿ ಸೀಟಿನ ಜೊತೆಗೆ ಬೇರೆ ಪ್ರಶ್ನೆಗಳೂ ಏಳುತ್ತವೆ. ಎಂಜಿನ್ ಚೆನ್ನಾಗಿದೆ ಅನ್ನುವುದೊಂದೇ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಿ ಅಂತ ನಾನು ಹೇಳಲಾರೆ.

ಕೆಲಸ ಮಾಡಿಸುವಾಗ ಒಂದು ಮಾತು ಮೊದಲೇ ಹೇಳಿಬಿಡಿ: "ಬಣ್ಣ ಹಚ್ಚುವ ಮುಂಚೆ, ಕಾರ್ಪೆಟ್ ಹಾಕುವ ಮುಂಚೆ ನನಗೆ ತೋರಿಸಿ." ಒಳ್ಳೆಯ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಸೀಟು ಕೂರಿಸುವಾಗ ನಾಲ್ಕೂ ಬೋಲ್ಟ್ ಮೊದಲು ಬರಿಗೈಯಲ್ಲಿ ಕೆಲವು ಸುತ್ತು ಹೋಗಬೇಕು. ಆಮೇಲೆ ಪುಸ್ತಕ ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚ್, ಅಂದರೆ ಎಷ್ಟು ಬಲ ಹಾಕಿ ತಿರುಗಿಸುತ್ತಿದ್ದೇವೆ ಅಂತ ಅಳೆಯುವ ಸ್ಪ್ಯಾನರ್. ಹಲವು ಕಾರುಗಳಲ್ಲಿ ಈ ತಿರುಗಿಸುವ ಬಲ (ಟಾರ್ಕ್) 40ರಿಂದ 50 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ನಿಮ್ಮ ಕಾರಿನ ಅಂಕಿಯನ್ನೇ ಹಿಡಿಯಿರಿ. ಥ್ರೆಡ್‌ಗೆ ಗ್ರೀಸ್ ಹಚ್ಚಿದರೆ ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆಯಲ್ಪಡುತ್ತದೆ, ಆದ್ದರಿಂದ ಪುಸ್ತಕ ಹೇಳದೆ ಏನೂ ಹಚ್ಚಬೇಡಿ. ಕೆಲವು ಬೋಲ್ಟ್‌ಗಳ ಮೇಲೆ ಕಾರ್ಖಾನೆಯಲ್ಲೇ ಅಂಟು ಲೇಪಿಸಿರುತ್ತಾರೆ, ಅಂಥವನ್ನು ಒಂದೇ ಸಲ ಬಳಸುವುದು.

ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ ನೋಡಿ. ಎರಡೂ ಬದಿಯ ರೈಲು ಒಟ್ಟಿಗೇ 'ಕಟ್' ಅಂತ ಹಿಡಿದುಕೊಳ್ಳಬೇಕು. ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಸೀಟು ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ಕೂರಿಸಬೇಕು. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಆರದಿದ್ದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ ಅಥವಾ ಹಳೆಯ ದೋಷ ಅಳಿಸಿಲ್ಲ, ಹಾಗೇ ಕಾರು ತರಬೇಡಿ. ಬೋಲ್ಟಿನ ತಲೆಯಿಂದ ರೈಲಿಗೆ ಅಡ್ಡವಾಗಿ ಬಣ್ಣದ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಕೆಲವು ವಾರ ಓಡಿಸಿದ ಮೇಲೆ ಸೀಟು ಸರಿಸಿ ನೋಡಿದರೆ ಸಾಕು, ಗೆರೆ ತುಂಡಾಗಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ.

ಇಷ್ಟು ಕೆಲಸ ನಡೆಯುವಾಗ ಪಕ್ಕದ ಸೀಟನ್ನೂ ತೆಗೆಸಿ, ಆ ಬದಿಯ ಕಾರ್ಪೆಟ್ ಕೆಳಗೂ ಕೈಹಾಕಿ ನೋಡಿಸಿ. ಅದಕ್ಕೂ ಅಷ್ಟೇ ವಯಸ್ಸಾಗಿದೆ. ಅಲ್ಲೂ ಫೋಮ್ ಒದ್ದೆ ಇದ್ದರೆ ಆ ನಾಲ್ಕು ಬೋಲ್ಟ್‌ಗಳನ್ನು ಈಗಲೇ, ಎಣ್ಣೆ ಬಿಟ್ಟು, ನಿಧಾನವಾಗಿ ಬಿಚ್ಚಿಸಿ ಬದಲಿಸಿಬಿಡಿ.